ಫ್ರೆಂಚ್, ಜರ್ಮನ್, ಜಪಾನೀಸ್: ಹೈಸ್ಕೂಲು ಮಕ್ಕಳಿಗೆ ಯಾವುದು?

ಐದನೇ ಕ್ಲಾಸು ಮುಗಿಯುವ ಹೊತ್ತಿಗೆ ಬೆಂಗಳೂರಿನ ಎಷ್ಟೋ ಶಾಲೆಗಳು ಮನೆಗೆ ಒಂದು ಫಾರಂ ಕಳಿಸುತ್ತವೆ. ಆರನೇ ಕ್ಲಾಸಿಗೆ ಯಾವ ಭಾಷೆ ಬೇಕು ಅಂತ ಟಿಕ್ ಹಾಕಿ ಕೊಡಬೇಕು. ಕನ್ನಡ ಹೇಗೂ ಇರುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಅದನ್ನು ಬಿಡುವ ಹಾಗಿಲ್ಲ. ಜೊತೆಗೆ ಹಿಂದಿ, ಸಂಸ್ಕೃತ, ಫ್ರೆಂಚ್, ಕೆಲವು ಕಡೆ ಜರ್ಮನ್. ಅಲ್ಲಿಂದ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಮಾತೋ ಮಾತು. ಫ್ರೆಂಚ್ ಸ್ಕೋರಿಂಗ್ ಅಂತೆ. ಜರ್ಮನ್ ಬಂದರೆ ಅಲ್ಲಿ ಫೀಸಿಲ್ಲದೆ ಓದಬಹುದಂತೆ. ಜಪಾನೀಸ್‌ಗೆ ಈಗ ಭಾರೀ ಡಿಮ್ಯಾಂಡ್ ಅಂತೆ.

ನಮ್ಮ ಮನೆಯಲ್ಲಿ ಈ ಮೂರೂ ನಡೆದಿವೆ. ದೊಡ್ಡ ಮಗಳು ಶಾಲೆಯಲ್ಲಿ ಫ್ರೆಂಚ್ ಓದಿ ಹತ್ತನೇ ಕ್ಲಾಸು ದಾಟಿದಳು. ಮಗ ಬೇರೆ ಶಾಲೆ, ಅವನದು ಜರ್ಮನ್. ತಂಗಿಯ ಮಗ ಹೈಸ್ಕೂಲಿನಲ್ಲಿ ಓದುತ್ತಾ ಶನಿವಾರ, ಭಾನುವಾರ ಜಪಾನೀಸ್ ಕ್ಲಾಸಿಗೆ ಹೋಗುತ್ತಾನೆ. ಅವನನ್ನು ಕರೆದುಕೊಂಡು ಹೋಗುವ ನೆಪದಲ್ಲಿ ನಾನೂ ಸೇರಿಕೊಂಡೆ. ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳುವವಳು ನಾನೇ ಆದ್ದರಿಂದ ಮೂರರ ರುಚಿಯೂ ನನಗೆ ಸಿಕ್ಕಿದೆ.

ಮೊದಲು ಫ್ರೆಂಚ್. ಸ್ಕೋರಿಂಗ್ ಅನ್ನುವ ಮಾತು ಸುಳ್ಳಲ್ಲ. ನಮ್ಮ ಕಾಲದ ಎಸ್‌ಎಸ್‌ಎಲ್‌ಸಿಯಲ್ಲಿ ಸಂಸ್ಕೃತ ತೆಗೆದುಕೊಂಡು 125ಕ್ಕೆ 125 ಹೊಡೆಯುತ್ತಿದ್ದರಲ್ಲ, ಈಗ ಸಿಬಿಎಸ್‌ಇ ಶಾಲೆಗಳಲ್ಲಿ ಆ ಜಾಗದಲ್ಲಿ ಫ್ರೆಂಚ್ ಕೂತಿದೆ. ಬೋರ್ಡ್ ಪರೀಕ್ಷೆಯಲ್ಲಿ 80 ಅಂಕ ಬರವಣಿಗೆಗೆ, 20 ಅಂಕ ಶಾಲೆಯ ಕೈಯಲ್ಲಿ. ಪ್ರಶ್ನೆಗಳ ಮಾದರಿ ಗೊತ್ತಿರುತ್ತದೆ: ಒಂದು ಪತ್ರ, ಒಂದು ಸಣ್ಣ ಸಂದೇಶ, ಬಿಟ್ಟ ಜಾಗ ತುಂಬುವ ವ್ಯಾಕರಣ, ಕೊನೆಗೆ ಸಂಸ್ಕೃತಿಯ ಬಗ್ಗೆ ಒಂದಿಷ್ಟು. ಮಗಳು ಕ್ರಿಯಾಪದಗಳ ರೂಪಗಳನ್ನು ಮಗ್ಗಿಯ ಥರ ಉರು ಹೊಡೆದಳು. ಅಂಕ ಬಂತು.

ಆಮೇಲೆ ಡೆಲ್ಫ್ ಪರೀಕ್ಷೆಗೆ ಕೂತಳು. ಇದು ಫ್ರಾನ್ಸ್‌ನ ಶಿಕ್ಷಣ ಇಲಾಖೆ ಕೊಡುವ ಡಿಪ್ಲೊಮಾ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕಕ್ಕೂ ತಲಾ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಓದುವುದು, ಬರೆಯುವುದು ಅವಳಿಗೆ ಸಲೀಸು. ಧ್ವನಿಮುದ್ರಣ ಕೇಳಿ ಉತ್ತರ ಬರೆಯುವ ಭಾಗದ ಅಭ್ಯಾಸಕ್ಕೆ ಕೂತಾಗ ಮುಖ ಸಪ್ಪಗಾಯಿತು. "ಅಮ್ಮಾ, ಇದು ನಾನು ಓದಿದ ಫ್ರೆಂಚೇ ಅಲ್ಲ!" ಅಂದಳು. ಓದಿದ್ದು ಅದನ್ನೇ. ಆದರೆ ಕಿವಿಗೆ ಬಿದ್ದಿರಲಿಲ್ಲ.

ಕನ್ನಡದ ಮಕ್ಕಳಿಗೆ ಫ್ರೆಂಚ್ ಕಷ್ಟ ಕೊಡುವ ಜಾಗ ಇದೇ. ನಾವು ಹೇಳಿದಂತೆ ಬರೆಯುವವರು, ಬರೆದಂತೆ ಓದುವವರು. ಅಲ್ಲಿ ಅವನು ತಿನ್ನುತ್ತಾನೆ ಅನ್ನುವುದಕ್ಕೂ ಅವರು ತಿನ್ನುತ್ತಾರೆ ಅನ್ನುವುದಕ್ಕೂ ಉಚ್ಚಾರ ಒಂದೇ, "ಇಲ್ ಮಾಂಜ್". ಬರೆಯುವಾಗ ಮಾತ್ರ ಎರಡನೆಯದರ ಬಾಲ ಉದ್ದ. ಪದದ ಕೊನೆಯ ಅಕ್ಷರಗಳು ಬಹಳ ಸಲ ಸುಮ್ನೆ ಅಲಂಕಾರಕ್ಕೆ. ಸಂಖ್ಯೆಗಳದ್ದು ಇನ್ನೊಂದು ಕಥೆ. 97 ಅನ್ನಬೇಕಾದರೆ ನಾಲ್ಕು ಇಪ್ಪತ್ತು ಹದಿನೇಳು ಅನ್ನಬೇಕು. ಬೆಲ್ಜಿಯಂ, ಸ್ವಿಟ್ಜರ್‌ಲೆಂಡ್‌ನಲ್ಲಿ ಫ್ರೆಂಚ್ ಮಾತಾಡುವವರು 90ಕ್ಕೆ ನೇರವಾಗಿ ಒಂದು ಪದ ಇಟ್ಟುಕೊಂಡು ಈ ಲೆಕ್ಕದಿಂದ ಪಾರಾಗಿದ್ದಾರೆ, ಬುದ್ಧಿವಂತರು. ಸುಲಭವಾಗಿ ಬಂದದ್ದು ನೀನು-ನೀವು ವ್ಯತ್ಯಾಸ. ಇಂಗ್ಲಿಷ್‌ನಲ್ಲಿ ಅದಿಲ್ಲ, ಫ್ರೆಂಚ್‌ನಲ್ಲಿದೆ. ಟೀಚರಿಗೆ ಯಾವುದು, ಗೆಳತಿಗೆ ಯಾವುದು ಅಂತ ಮಗಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಜರ್ಮನ್‌ಗೆ ಬರೋಣ. ಇದಕ್ಕೆ ಕೆಟ್ಟ ಹೆಸರು ತಂದಿರುವುದು ವ್ಯಾಕರಣ. ಮೂರು ಲಿಂಗ, ನಾಲ್ಕು ವಿಭಕ್ತಿ. ಲಿಂಗದ ವಿಷಯದಲ್ಲಿ ದೂರು ನ್ಯಾಯವಾದದ್ದೇ. ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕ. ಹುಡುಗಿ ಅನ್ನುವ ಪದವೂ ನಪುಂಸಕ ಲಿಂಗ! ನಮ್ಮಲ್ಲಿ ಅರ್ಥ ನೋಡಿ ಲಿಂಗ ಹೇಳಬಹುದು, ಅಲ್ಲಿ ಪ್ರತಿ ಪದದ ಜೊತೆ ಬಾಯಿಪಾಠ ಮಾಡದೆ ದಾರಿಯಿಲ್ಲ.

ಆದರೆ ವಿಭಕ್ತಿಗೆ ಕನ್ನಡದ ಮಗು ಹೆದರಬೇಕಾಗಿಲ್ಲ. ಮಗನ ಕ್ಲಾಸಿನಲ್ಲಿ ಇದನ್ನು ಇಂಗ್ಲಿಷ್ ಮೂಲಕ ಹೇಳಿಕೊಟ್ಟರು. ಡೈರೆಕ್ಟ್ ಆಬ್ಜೆಕ್ಟ್, ಇನ್‌ಡೈರೆಕ್ಟ್ ಆಬ್ಜೆಕ್ಟ್ ಅಂತ. ಅವನಿಗೆ ಮೊದಲು ಇಂಗ್ಲಿಷ್‌ನಲ್ಲಿ ಅದೇನು ಅಂತ ಗೊತ್ತಾಗಬೇಕು, ಆಮೇಲೆ ಜರ್ಮನ್‌ಗೆ ಹೋಗಬೇಕು. ಅದೇ ವರ್ಷ ಕನ್ನಡ ಪುಸ್ತಕದಲ್ಲಿ ವಿಭಕ್ತಿ ಪ್ರತ್ಯಯಗಳ ಪಾಠ ಇತ್ತು. ಎರಡೂ ಪುಸ್ತಕ ಪಕ್ಕ ಪಕ್ಕ ಇಟ್ಟೆ. ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ. ಜರ್ಮನ್‌ನ ನಾಲ್ಕೂ ಅಲ್ಲೇ ಇವೆ. "ಮಗುವನ್ನು" ಅಂದರೆ ಒಂದು ರೂಪ, "ಮಗುವಿಗೆ" ಅಂದರೆ ಇನ್ನೊಂದು. ನಮ್ಮಲ್ಲಿ ಬಾಲ ಬದಲಾಗುತ್ತದೆ, ಅವರಲ್ಲಿ ಹೆಚ್ಚಾಗಿ ಮುಂದಿರುವ ಚಿಕ್ಕ ಪದ ಬದಲಾಗುತ್ತದೆ, ಅಷ್ಟೆ. ಚಳಿ ಆದರೆ ಜರ್ಮನರು "ಮಿಯರ್ ಇಸ್ಟ್ ಕಾಲ್ಟ್" ಅನ್ನುತ್ತಾರೆ. ಅಲ್ಲಿರುವ "ಮಿಯರ್" ನಮ್ಮ "ನನಗೆ". ಚಳಿ ನನಗೆ ಆಗುವುದು, ನಾನು ಮಾಡುವುದಲ್ಲ. ಇಂಗ್ಲಿಷ್ ಮೂಲಕ ಕಲಿತವರು ಇಲ್ಲಿ ಪದೇ ಪದೇ "ನಾನು" ಹಾಕಿ ಎಡವುತ್ತಾರೆ. "ಯಾಕೆಂದರೆ" ಬಂದ ಮೇಲೆ ಕ್ರಿಯಾಪದ ವಾಕ್ಯದ ತುದಿಗೆ ಹೋಗಿ ಕೂರುವುದೂ ನಮಗೆ ಹೊಸದಲ್ಲ. ನಮ್ಮಲ್ಲಿ ಅದು ಯಾವಾಗಲೂ ತುದಿಯಲ್ಲೇ ಇರುತ್ತದೆ.

ಉಚ್ಚಾರವೂ ಹೆಚ್ಚು ಕಡಿಮೆ ಬರೆದಂತೆಯೇ. ಒಂದೆರಡು ಸ್ವರಕ್ಕೆ ಮಾತ್ರ ತುಟಿ ಚೂಪು ಮಾಡಬೇಕು. ಮಗ ಗೊತ್ತಿಲ್ಲದ ಪದವನ್ನೂ ಗಟ್ಟಿಯಾಗಿ ಓದುತ್ತಿದ್ದ, ಅಕ್ಕ ಫ್ರೆಂಚ್ ಓದುವಾಗ ಅಳುಕುತ್ತಿದ್ದಳು. ಜರ್ಮನ್ ಕಲಿಸುವ ಸಂಸ್ಥೆ ಗೋಥೆ ಇನ್‌ಸ್ಟಿಟ್ಯೂಟ್ ಮಕ್ಕಳಿಗೆಂದೇ ನಡೆಸುವ "ಫಿಟ್ ಇನ್ ಡಾಯ್ಚ್" ಪರೀಕ್ಷೆಯೂ ನನಗೆ ಹಿಡಿಸಿತು. ಮಾತಾಡುವ ಭಾಗದಲ್ಲಿ ಕಾರ್ಡಿನಲ್ಲಿ ಬಂದ ಪದ ಹಿಡಿದು ಪ್ರಶ್ನೆ ಕೇಳಬೇಕು, ಪಕ್ಕದವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಪಾಸಾಗಲು 100ಕ್ಕೆ 60. ಶಾಲೆಯ ಅಂಕ ಫ್ರೆಂಚ್‌ನಷ್ಟು ಧಾರಾಳವಾಗಿ ಬರಲಿಲ್ಲ. ಆದರೆ ಓದಿದಷ್ಟು ಬಾಯಿಗೆ ಬಂತು.

ಫೀಸಿಲ್ಲದೆ ಓದುವ ಕನಸಿನ ಬಗ್ಗೆ ಒಂದು ಮಾತು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1500 ಯುರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಲ್ಲಿ ಶುರು ಮಾಡಿತು. ಇನ್ನೊಂದು, ಜರ್ಮನ್ ಭಾಷೆಯಲ್ಲಿ ನಡೆಯುವ ಪದವಿಗೆ ಸಾಮಾನ್ಯವಾಗಿ ಸಿ1 ಮಟ್ಟ ಬೇಕು. ಯುರೋಪಿನ ಭಾಷಾ ಮಟ್ಟಗಳು ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಆರು ಮೆಟ್ಟಿಲು. ಶಾಲೆಯಲ್ಲಿ ಕಲಿತದ್ದು ಎ2ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎ2ರಿಂದ ಸಿ1ಕ್ಕೆ ಇರುವ ದೂರ ದೊಡ್ಡದು. ಆರನೇ ಕ್ಲಾಸಿನ ಟಿಕ್‌ನಿಂದ ಮ್ಯೂನಿಕ್‌ಗೆ ನೇರ ಬಸ್ಸಿಲ್ಲ.

ಜಪಾನೀಸ್ ಬಗ್ಗೆ ಬರೆಯಲು ಕೂತರೆ ನನಗೆ ನಿಲ್ಲಿಸುವುದು ಕಷ್ಟ. ಮೊದಲ ಕೆಲವು ಕ್ಲಾಸುಗಳಲ್ಲೇ ತಂಗಿಯ ಮಗ ನನ್ನ ಮೊಣಕೈ ತಿವಿದು, "ದೊಡ್ಡಮ್ಮ, ಇದು ನಮ್ಮ ಥರಾನೇ ಇದೆ" ಅಂದ. "ವತಾಶಿ ವಾ ಗೋಹಾನ್ ಓ ತಾಬೆಮಸ್". ನಾನು, ಅನ್ನ, ಅನ್ನು, ತಿನ್ನುತ್ತೇನೆ. ಪದಗಳ ಕ್ರಮ ಅದೇ, ಪ್ರತ್ಯಯ ಕೂರುವ ಜಾಗ ಅದೇ. ಜಪಾನ್‌ಗೆ ಅನ್ನಲು ಹೆಸರಿನ ಕೊನೆಗೆ "ನಿ" ಸೇರಿಸಿದರೆ ಆಯಿತು. ಪ್ರಶ್ನೆ ಕೇಳಲು ವಾಕ್ಯವನ್ನು ತಿರುಗಿಸಬೇಕಾಗಿಲ್ಲ, ಕೊನೆಗೆ "ಕಾ" ಅಂಟಿಸಿದರೆ ಸಾಕು, ನಾವು "ಬರ್ತೀರಾ" ಅಂತ ಎಳೆಯುವ ಹಾಗೆ. ನಾವು "ತಿಂದು ನೋಡು", "ಮಾಡಿ ನೋಡು" ಅನ್ನುತ್ತೇವಲ್ಲ, ಪ್ರಯತ್ನ ಮಾಡು ಅನ್ನುವ ಅರ್ಥದಲ್ಲಿ? ಅವರೂ ತಿನ್ನುವ ಕ್ರಿಯೆಯ ಹಿಂದೆ ನೋಡುವ ಕ್ರಿಯೆಯನ್ನೇ ಸೇರಿಸುತ್ತಾರೆ. ಲಿಂಗ ಇಲ್ಲ. ನಾನು, ನೀನು, ಅವರು ಯಾರೇ ತಿಂದರೂ ಕ್ರಿಯಾಪದ ಒಂದೇ. ವ್ಯಾಕರಣದ ಮಟ್ಟಿಗೆ ಇದು ಕನ್ನಡಕ್ಕಿಂತಲೂ ಸುಲಭ ಅನ್ನಿಸಿತು.

ಮನೆಯಿಂದ ಹೊರಡುವ ಜಪಾನಿಯರು "ಇತ್ತೆಕಿಮಸ್" ಅನ್ನುತ್ತಾರೆ. ನಮ್ಮ "ಹೋಗಿ ಬರ್ತೀನಿ" ಅದು. ಒಳಗಿದ್ದವರು ಅದಕ್ಕೆ ಹೋಗಿ ಬಾ ಅನ್ನುವ ಉತ್ತರ ಕೊಡುತ್ತಾರೆ. ಚಪ್ಪಲಿ ಬಾಗಿಲಲ್ಲೇ ಬಿಡುತ್ತಾರೆ. ಹಿರಿಯರ ಮುಂದೆ ಮಾತಿನ ರೂಪವೇ ಬದಲಾಗುತ್ತದೆ. ಅಲ್ಲಿನ ಶಾಲೆಗಳಲ್ಲಿ ಮಕ್ಕಳೇ ಕ್ಲಾಸು ಗುಡಿಸಿ ಒರೆಸುತ್ತಾರೆ ಅಂತ ಕೇಳಿ ನಮ್ಮ ಹುಡುಗನಿಗೆ ಆಶ್ಚರ್ಯ, ನನಗೆ ನಮ್ಮೂರಿನ ಸರ್ಕಾರಿ ಶಾಲೆಯ ನೆನಪು.

ಹಾಗಾದರೆ ಎಲ್ಲರೂ ಜಪಾನೀಸ್ ಯಾಕೆ ತೆಗೆದುಕೊಳ್ಳಬಾರದು? ಲಿಪಿಯಿಂದಾಗಿ. ಹಿರಾಗಾನ 46, ಕತಾಕಾನ 46. ಅವೆರಡೂ ನಮ್ಮ ಕಾಗುಣಿತದ ಥರ ಉಚ್ಚಾರಕ್ಕೆ ತಕ್ಕ ಅಕ್ಷರಗಳು, ಬೇಗ ಬಂದವು. ಆಮೇಲೆ ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು. ದಿನಬಳಕೆಗೆ ಅಂತ ಜಪಾನ್ ಸರ್ಕಾರ ಪಟ್ಟಿ ಮಾಡಿರುವುದೇ 2136. ಅಲ್ಲಿನ ಮಕ್ಕಳೇ ಪ್ರಾಥಮಿಕ ಶಾಲೆಯ ಆರು ವರ್ಷದಲ್ಲಿ 1026 ಕಲಿಯುತ್ತಾರೆ. ಒಂದೇ ಚಿತ್ರಕ್ಕೆ ಜಾಗಕ್ಕೊಂದು ಉಚ್ಚಾರ. ವಾರಕ್ಕೆ ಎರಡು ಪೀರಿಯಡ್ಡಿನಲ್ಲಿ ಇದು ಆಗುವ ಮಾತಲ್ಲ, ದಿನವೂ ಮನೆಯಲ್ಲಿ ಬರೆಯಲೇಬೇಕು. ಇನ್ನು ಜಪಾನೀಸ್ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯ ಕೆಳಗಿನ ಎನ್5, ಎನ್4ರಿಂದ ಮೇಲಿನ ಎನ್1ರವರೆಗೆ ಎಲ್ಲೂ ಮಾತಾಡುವ ಭಾಗವಿಲ್ಲ, ಬರೆಯುವ ಭಾಗವೂ ಇಲ್ಲ. ಬರೀ ಸರಿ ಉತ್ತರ ಆರಿಸುವುದು. ಎನ್5 ಪಾಸಾದ ಮಗು ಜಪಾನಿಯೊಬ್ಬರ ಎದುರು ಬಾಯಿ ಬಿಡದೆ ನಿಲ್ಲುವ ಸಾಧ್ಯತೆ ಧಾರಾಳವಾಗಿದೆ. ಸಿಬಿಎಸ್‌ಇ ಪಟ್ಟಿಯಲ್ಲಿ ಜಪಾನೀಸ್ ಇದ್ದರೂ ನಮ್ಮ ಕಡೆ ನಾನು ವಿಚಾರಿಸಿದ ಶಾಲೆಗಳಲ್ಲಿ ಅದು ಸಿಗಲಿಲ್ಲ. ಹೊರಗಿನ ಕ್ಲಾಸೇ ಗತಿ.

ಸಂಸ್ಕೃತಿಯ ಪಾಠದಲ್ಲಿ ನನಗೆ ಸಮಾಧಾನ ಕೊಟ್ಟದ್ದು ಈ ಹೊರಗಿನ ಕ್ಲಾಸು ಮಾತ್ರ. ಮಗಳ ಫ್ರೆಂಚ್ ಪಾಠಗಳಲ್ಲಿ ಪ್ಯಾರಿಸ್ಸು, ಚೀಸು, ಜುಲೈ 14ರ ಹಬ್ಬ ಇವೇ ಜಾಸ್ತಿ. ಇವತ್ತು ಫ್ರೆಂಚ್ ಮಾತಾಡುವವರು ಯುರೋಪಿಗಿಂತ ಆಫ್ರಿಕಾದಲ್ಲಿ ಹೆಚ್ಚು. ಅದು ಅವಳಿಗೆ ಗೊತ್ತಾದದ್ದು ಡೆಲ್ಫ್ ತಯಾರಿಯಲ್ಲಿ ಸೆನೆಗಲ್‌ನ ಒಂದು ಸಂದರ್ಶನ ಕೇಳಿದಾಗ. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅನ್ನುವ ಹೆಸರು ಬಂದದ್ದು ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರಿಂದ ಅನ್ನುವುದು ಮಂಡ್ಯ ಕಡೆಯ ಅಜ್ಜಂದಿರಿಗೆ ಗೊತ್ತು, ಫ್ರೆಂಚ್ ಓದುವ ಮೊಮ್ಮಕ್ಕಳಿಗೆ ಗೊತ್ತಿಲ್ಲ. ಜರ್ಮನ್‌ದೂ ಅಷ್ಟೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದ ಮೋಗ್ಲಿಂಗ್ ಜರ್ಮನ್. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ಜರ್ಮನ್, ಅವರ ಪ್ರತಿಮೆ ಎಂ.ಜಿ. ರಸ್ತೆಯಲ್ಲೇ ಇದೆ. ಲಾಲ್‌ಬಾಗ್ ನೋಡಿಕೊಂಡ ಕೃಂಬಿಗಲ್ ಕೂಡ ಜರ್ಮನ್. ಕರ್ನಾಟಕದ ಮಗುವಿಗೆ ಜರ್ಮನ್ ಸಂಸ್ಕೃತಿ ಹೇಳಿಕೊಡಲು ಇದಕ್ಕಿಂತ ಒಳ್ಳೆ ಬಾಗಿಲು ಬೇಕಾ? ಮಗನ ಪುಸ್ತಕದಲ್ಲಿ ಬರ್ಲಿನ್‌ನಲ್ಲಿ ಪಿಜ್ಜಾ ತಿನ್ನುವ ಹುಡುಗನೊಬ್ಬ ಇದ್ದ.

ನನ್ನ ಆಯ್ಕೆ ಕೇಳಿದರೆ, ಮನೆಯಲ್ಲಿ ಕನ್ನಡ ಚೆನ್ನಾಗಿ ಮಾತಾಡುವ, ವ್ಯಾಕರಣ ಅಂದರೆ ಬೇಸರ ಬರದ ಮಗುವಿಗೆ ಶಾಲೆಯಲ್ಲಿ ಜರ್ಮನ್. ಹತ್ತನೇ ಕ್ಲಾಸಿನ ಶೇಕಡಾವಾರೇ ಮುಖ್ಯ ಅನ್ನುವವರಿಗೆ ಫ್ರೆಂಚ್, ಆದರೆ ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಫ್ರೆಂಚ್ ರೇಡಿಯೋ ಓಡುತ್ತಿರಲಿ. ಚಿತ್ರ ಬರೆಯುವ ಕೈ ಇದ್ದು, ಒಂದೇ ಕೆಲಸಕ್ಕೆ ಹಟ ಹಿಡಿದು ಕೂರುವ ಮಗುವಿಗೆ ಜಪಾನೀಸ್. ಯಾವುದೇ ಆದರೂ ಮನೆಯಲ್ಲಿ ಕನ್ನಡದ ಮೂಲಕ ಒಂದು ಸಲ ಬಿಡಿಸಿ ಹೇಳಿ. ಶಾಲೆಗಳು ಇಂಗ್ಲಿಷ್ ದಾರಿ ಬಿಟ್ಟು ಬರುವುದಿಲ್ಲ.

ಫಾರಂ ತುಂಬುವ ಮುಂಚೆ ಶಾಲೆಯಲ್ಲಿ ಒಂದು ವಿಷಯ ಬಾಯಿಬಿಟ್ಟು ಕೇಳಿ: ಈ ಭಾಷೆ ಒಂಬತ್ತು, ಹತ್ತಕ್ಕೂ ಇರುತ್ತದಾ, ಎಂಟಕ್ಕೇ ನಿಲ್ಲುತ್ತದಾ? ಮೂರನೇ ಭಾಷೆಯಾಗಿ ಕೊಟ್ಟಿದ್ದರೆ ಎಷ್ಟೋ ಕಡೆ ಎಂಟಕ್ಕೆ ಮುಗಿಯುತ್ತದೆ. ಸರ್ಕಾರದ ಗಾಳಿಯೂ ಬದಲಾಗುತ್ತಿರುತ್ತದೆ. 2014ರ ನವೆಂಬರ್‌ನಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ಮೂರನೇ ಭಾಷೆಯಾಗಿದ್ದ ಜರ್ಮನ್ ತೆಗೆದು ವರ್ಷದ ಮಧ್ಯದಲ್ಲೇ ಸಂಸ್ಕೃತ ತಂದರು. 2020ರ ಶಿಕ್ಷಣ ನೀತಿ ಮೂರು ಭಾಷೆಗಳಲ್ಲಿ ಎರಡಾದರೂ ಭಾರತದ್ದಾಗಿರಬೇಕು ಅನ್ನುತ್ತದೆ, ಇಂಗ್ಲಿಷ್ ಇರುವಾಗ ವಿದೇಶಿ ಭಾಷೆಗೆ ಉಳಿಯುವ ಜಾಗ ಇಕ್ಕಟ್ಟು. ಅದಕ್ಕೇ ಹೊರಗಿನ ಪರೀಕ್ಷೆಯನ್ನು ಎಂಟನೇ ಕ್ಲಾಸಿನೊಳಗೆ ಒಂದಾದರೂ ಕಟ್ಟಿಸುವುದು ವಾಸಿ. ಡೆಲ್ಫ್ ಡಿಪ್ಲೊಮಾಗೆ ಅವಧಿ ಮುಗಿಯುವ ಗೋಜಿಲ್ಲ. ಎ2 ಕೈಯಲ್ಲಿರುವ ನಮ್ಮ ದೊಡ್ಡವಳು ಬಿ1 ಅನ್ನು ಕಾಲೇಜು ಸೇರಿದ ಮೇಲೆ ನೋಡಿಕೊಳ್ಳುತ್ತಾಳಂತೆ.