ಹಳೆಯ ಗೆಳೆಯರ ಸುದ್ದಿಗೆ ಗೂಗಲ್ ಅಲರ್ಟ್ಸ್: ಎಷ್ಟು ನಂಬಬಹುದು?

ವಯಸ್ಸಾದಂತೆ ಪತ್ರಿಕೆಯಲ್ಲಿ ಕಣ್ಣು ಮೊದಲು ಹೋಗುವುದು ನಿಧನ ವಾರ್ತೆಯ ಕಡೆಗೆ. ಆದರೆ ಜೊತೆಗೆ ಓದಿದವರು, ಕೆಲಸ ಮಾಡಿದವರು ದಿಕ್ಕುದಿಕ್ಕಿಗೆ ಚದುರಿದ ಮೇಲೆ ಒಂದು ಪತ್ರಿಕೆಯ ಒಂದು ಆವೃತ್ತಿ ಏನೇನೂ ಸಾಲದು. ಈ ಕೊರತೆಯನ್ನು ಒಂದಿಷ್ಟಾದರೂ ತುಂಬುವ, ಹಣ ಕೇಳದ ಸೇವೆ ಗೂಗಲ್ ಅಲರ್ಟ್ಸ್. 2003ರಿಂದ ಇದೆ. ನಾವು ಕೊಟ್ಟ ಹೆಸರು ಯಾವುದಾದರೂ ಹೊಸ ಪುಟದಲ್ಲಿ ಕಂಡರೆ ಇಮೇಲ್ ಕಳಿಸುತ್ತದೆ.

ಹೆಸರನ್ನು ಸುಮ್ಮನೆ ಟೈಪ್ ಮಾಡಿದರೆ ಕಸ ಬರುತ್ತದೆ. ಹೆಸರು ಉದ್ಧರಣ ಚಿಹ್ನೆಯೊಳಗಿರಬೇಕು, ಬೇರೆ ಬೇರೆ ರೂಪಗಳ ನಡುವೆ ಲಂಬ ಗೀಟು ಇರಬೇಕು: ("ಹೆಸರು" | "ಇನ್ನೊಂದು ರೂಪ") (ನಿಧನ | ಶ್ರದ್ಧಾಂಜಲಿ | "ಇನ್ನಿಲ್ಲ"). ಅದೇ ಹೆಸರಿನ ನಟನೊಬ್ಬನಿದ್ದರೆ ಕೊನೆಗೆ -ಸಿನಿಮಾ ಎಂದು ಸೇರಿಸಿ. ಹೆಸರು ಅಪರೂಪದ್ದಾದರೆ ಸಾವಿನ ಪದಗಳನ್ನು ಬಿಟ್ಟುಬಿಡುವುದೇ ಮೇಲು. ಗೆಳೆಯನ ಸುದ್ದಿ ಸಾವಿನ ಸುದ್ದಿಯಾಗಿಯೇ ಬರಬೇಕೆಂದೇನಿಲ್ಲ. ಪುಸ್ತಕ ಬಂತು, ಸನ್ಮಾನವಾಯಿತು ಎಂದೂ ತಿಳಿಯಲಿ. ಫೋನ್ ಮಾಡಲು ಅದೊಂದು ನೆಪ.

ಆಯ್ಕೆಗಳಲ್ಲಿ ಮುಖ್ಯವಾದದ್ದು ಒಂದೇ. ಎಷ್ಟು ಫಲಿತಾಂಶ ಬೇಕು ಎಂಬಲ್ಲಿ 'ಉತ್ತಮವಾದವು ಮಾತ್ರ' ಎಂದಿರುವುದನ್ನು 'ಎಲ್ಲ ಫಲಿತಾಂಶ' ಎಂದು ಬದಲಿಸಬೇಕು. ನಾಲ್ಕು ಸಾಲಿನ ಸಣ್ಣ ನಿಧನ ಸುದ್ದಿ ಸೋಸಿಹೋಗುವ ಸಾಧ್ಯತೆ ಇಲ್ಲಿಯೇ ಹೆಚ್ಚು. ಭಾಷೆ, ಪ್ರದೇಶಗಳಿಗೆ ಮಿತಿ ಹಾಕಬೇಡಿ. ದಿನಕ್ಕೊಂದು ಇಮೇಲ್ ಸಾಕು.

ಕನ್ನಡ ಹೆಸರುಗಳ ವಿಷಯದಲ್ಲಿ ಹೆಚ್ಚು ಶ್ರಮ ಬೇಕು. ಶ್ರೀನಿವಾಸ ಎಂಬ ಒಂದೇ ಹೆಸರು 'ಶ್ರೀನಿವಾಸ್', 'ಶ್ರೀನಿವಾಸರು', 'ಶ್ರೀನಿವಾಸನನ್ನು' ಎಂದೆಲ್ಲ ರೂಪ ತಾಳುತ್ತದೆ. ಉದ್ಧರಣ ಚಿಹ್ನೆ ಹಾಕಿದಾಗ ಪ್ರತ್ಯಯ ಅಂಟಿದ ರೂಪ ತಪ್ಪಿಹೋಗಬಹುದು. ಇಂಗ್ಲಿಷಿಗೆ ಹೋದರೆ 'ಶ್ರೀ'ಯನ್ನೇ ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ. ಇನಿಷಿಯಲ್ ಕೆಲವೊಮ್ಮೆ ಹೆಸರಿನ ಮುಂದೆ, ಕೆಲವೊಮ್ಮೆ ಹಿಂದೆ, ಚುಕ್ಕಿ ಇದ್ದೂ ಇಲ್ಲದೆಯೂ ಇರುತ್ತದೆ. ಒಬ್ಬರಿಗೆ ನಾಲ್ಕೈದು ರೂಪ ಕೊಡಲೇಬೇಕು. ಮದುವೆಯ ನಂತರ ಹೆಸರು ಬದಲಾದ ಗೆಳತಿಯರಿಗೆ ಎರಡೂ ಹೆಸರು ಬೇಕು. ಶಾಲೆಯಲ್ಲಿ ಕರೆಯುತ್ತಿದ್ದ ಅಡ್ಡಹೆಸರು ಮಾತ್ರ ನೆನಪಿದ್ದರೆ ಈ ಸೇವೆಯಿಂದ ಪ್ರಯೋಜನವಿಲ್ಲ. ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನು ಮೊದಲು ಯಾರಿಂದಲಾದರೂ ಪತ್ತೆ ಮಾಡಿ.

ಇದರ ದೊಡ್ಡ ಮಿತಿ ಬೇರೆಯೇ ಇದೆ. ಇ-ಪೇಪರಿನಲ್ಲಿ ಚಿತ್ರವಾಗಿ ಅಚ್ಚಾದ ಶ್ರದ್ಧಾಂಜಲಿ ಜಾಹೀರಾತು ಇದರ ಕೈಗೆ ಸಿಗುವುದಿಲ್ಲ. ವಾಟ್ಸ್ಆ್ಯಪ್ ಗುಂಪಿನೊಳಗಿನದೂ, ಫೇಸ್‌ಬುಕ್ಕಿನಲ್ಲಿ ಸ್ನೇಹಿತರಿಗೆ ಮಾತ್ರ ತೋರುವ ಬರಹವೂ ಅಷ್ಟೇ. ಸಿಕ್ಕ ಸುದ್ದಿಯೂ ತಡವಾಗಿ ಬರಬಹುದು. ಕೊನೆಯ ದರ್ಶನಕ್ಕೆ ಇದನ್ನು ನೆಚ್ಚಬಾರದು, ಸಾಂತ್ವನದ ಪತ್ರ ಬರೆಯಲು ಸಾಕು. ಅಲರ್ಟ್ ಬಂದಿಲ್ಲವೆಂದರೆ ಗೆಳೆಯ ಚೆನ್ನಾಗಿದ್ದಾನೆ ಎಂದೂ ಅಲ್ಲ.

ಸುದ್ದಿ ಬಂದೊಡನೆ ಗುಂಪಿಗೆ ಹಾಕಬೇಡಿ. ಬದುಕಿರುವವರ ಮನೆಗೆ ಸಂತಾಪದ ಕರೆ ಹೋದರೆ ಆ ಮನೆಯವರ ಗತಿ ಏನು? ವಯಸ್ಸು, ಓದಿದ ಅಥವಾ ದುಡಿದ ಜಾಗ, ಸಂಗಾತಿಯ ಹೆಸರು, ಈ ಮೂರರಲ್ಲಿ ಎರಡಾದರೂ ಕೂಡಬೇಕು. ವಯಸ್ಸಿನಲ್ಲಿ ಒಂದು ವರ್ಷದ ವ್ಯತ್ಯಾಸ ಸಹಜ: 1948ರಲ್ಲಿ ಹುಟ್ಟಿದವರಿಗೆ 2025ರ ಸುದ್ದಿಯಲ್ಲಿ 76 ಎಂದಿರಬಹುದು, 77 ಎಂದೂ ಇರಬಹುದು. ಆಮೇಲೆ ಒಂದು ಫೋನ್. ಕ್ಲಿಕ್ಕಿನ ಆಸೆಗೆ ನಿಧನ ವಾರ್ತೆ ಹೆಣೆಯುವ ಜಾಲತಾಣಗಳೂ ಇವೆ. ಅಲ್ಲಿ ಹೊಗಳಿಕೆ ಧಾರಾಳವಾಗಿರುತ್ತದೆ, ಆದರೆ ಮನೆಮಂದಿಯ ಹೆಸರಾಗಲಿ, ಅಂತ್ಯಕ್ರಿಯೆಯ ಸ್ಥಳ, ಸಮಯವಾಗಲಿ ಇರುವುದಿಲ್ಲ. ಅಂಥ ಪುಟದಲ್ಲಿ ದೇಣಿಗೆಯ ಲಿಂಕ್ ಮುಟ್ಟಲೇಬೇಡಿ.

ಹಾಗಾಗಿ ಅಲರ್ಟ್ ಜೊತೆಗೆ ಒಂದು ಹಾಳೆ ಇರಲೇಬೇಕು. ಹೆಸರಿನ ಎಲ್ಲ ರೂಪಗಳು, ಹುಟ್ಟಿದ ವರ್ಷ, ಕೊನೆಯ ಬಾರಿ ಮಾತಾಡಿದ ದಿನ, ಅವರ ಮಗನದೋ ಮಗಳದೋ ಫೋನ್ ನಂಬರ್. ಈ ಕೊನೆಯ ಅಂಕಣದ ಬೆಲೆ ಇಡೀ ಗೂಗಲ್ ಅಲರ್ಟ್ಸ್‌ಗಿಂತ ಹೆಚ್ಚು. ಅವರ ಫೋನ್ ಬಂದ್ ಆದಾಗ ಕೈಹಿಡಿಯುವುದು ಅದೇ. ಮಾತಾಡಿ ಆರು ತಿಂಗಳಾಗಿದ್ದರೆ ಅಲರ್ಟಿಗೆ ಕಾಯದೆ ಕರೆ ಮಾಡಿ.

ಗೂಗಲ್ ಖಾತೆಯ 'ನಿಷ್ಕ್ರಿಯ ಖಾತೆ ನಿರ್ವಾಹಕ'ದಲ್ಲಿ ನಮ್ಮ ಖಾತೆ ಸುಮ್ಮನಾದರೆ 10 ಮಂದಿಯವರೆಗೆ ತಿಳಿಸುವ ಏರ್ಪಾಡೂ ಇದೆ. ಆದರೆ ಕನಿಷ್ಠ ಅವಧಿಯೇ 3 ತಿಂಗಳು. ಅದರ ಬದಲು ಈ ಹಾಳೆಯದೇ ಒಂದು ಪ್ರತಿಯನ್ನು ಮನೆಯವರಿಗೆ ಕೊಟ್ಟಿಡಿ. ನಮ್ಮ ಸುದ್ದಿಯನ್ನು ಯಾರ್ಯಾರಿಗೆ ತಿಳಿಸಬೇಕೆಂದು ಅವರಿಗೆ ಬೇರೆ ದಾರಿಯಿಂದ ಗೊತ್ತಾಗುವುದಿಲ್ಲ.