ಮಾಡ್ಯೂಲರ್ ಮನೆ, ಕೂಡು ಸಾಗುವಳಿಯ ತೋಟ: ದೀರ್ಘಕಾಲದ ವಾಸದ ನಂತರ

ಕಾರ್ಖಾನೆಯಲ್ಲಿ ಸಿದ್ಧವಾಗಿ ಲಾರಿಯಲ್ಲಿ ಬಂದ ಮಾಡ್ಯೂಲುಗಳನ್ನು, ಅಂದರೆ ಮನೆಯ ಸಿದ್ಧ ಭಾಗಗಳನ್ನು, ಕ್ರೇನಿನಿಂದ ಇಳಿಸಿ, ಬೋಲ್ಟ್ ಬಿಗಿದು ಜೋಡಿಸಿದ ಮನೆಯಲ್ಲಿ ನಮ್ಮ ಕುಟುಂಬ ಹಲವು ವರ್ಷಗಳಿಂದ ವಾಸವಾಗಿದೆ. ಮನೆಗಳ ನಡುವಿನ ಜಮೀನನ್ನು ನಿವಾಸಿಗಳೆಲ್ಲರೂ ಕೂಡಿ ಸಾಗುವಳಿ ಮಾಡುವುದು ಈ ಯೋಜನೆಯ ಭಾಗ. ಮಾರುವವರು ಎರಡನ್ನೂ ಒಂದೇ ಸರಕೆಂಬಂತೆ ತೋರಿಸುತ್ತಾರೆ. ಆದರೆ ಬೀಗದ ಕೈ ಕೊಡುವ ಹೊತ್ತಿಗೆ ಮನೆಯ ಕೆಲಸ ಮುಗಿದಿರುತ್ತದೆ, ತೋಟದ ಕೆಲಸ ಶುರುವೇ ಆಗಿರುವುದಿಲ್ಲ.

ಮನೆಯ ಬಗ್ಗೆ ನನ್ನ ದೂರು ಕಡಿಮೆ. ಪ್ರತಿ ಮಾಡ್ಯೂಲಿಗೂ ಅದರದೇ ಗೋಡೆಗಳಿರುವುದರಿಂದ ಎರಡು ಮನೆಗಳು ತಾಗುವ ಕಡೆ ಜೋಡಿ ಗೋಡೆಯೂ ನಡುವೆ ಸಂದೂ ಉಳಿಯುತ್ತವೆ. ಪಕ್ಕದ ಮನೆಯ ಮಾತು ನಮಗೆ ಕೇಳಿಸುವುದೇ ಇಲ್ಲ. ದುರ್ಬಲವಾದದ್ದು ಒಂದೇ ಮನೆಯೊಳಗೆ ಎರಡು ಮಾಡ್ಯೂಲುಗಳು ಸೇರುವ ಗೆರೆ. ಉಕ್ಕಿನ ಚೌಕಟ್ಟು ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುತ್ತಿರುವುದರಿಂದ ನಡುಮನೆಯ ನೆಲದಲ್ಲಿ ಆ ಗೆರೆಯುದ್ದಕ್ಕೂ ಕೂದಲೆಳೆಯಷ್ಟು ಬಿರುಕು ಮೂಡಿತು, ಹೊರಗೋಡೆಯಲ್ಲಿ ಅದೇ ನೇರಕ್ಕೆ ಸಂದು ಮುಚ್ಚುವ ಸೀಲೆಂಟ್ ಒಣಗಿ ಅಂಚು ಬಿಟ್ಟಿತು. ಅದನ್ನು ಆಗಾಗ ಕೆರೆದು ಹೊಸದಾಗಿ ತುಂಬಬೇಕೆಂಬ ಮಾತು ನಿರ್ವಹಣೆಯ ಕೈಪಿಡಿಯಲ್ಲಿ ಇರಲಿಲ್ಲ. ಹಗುರ ಗೋಡೆಗಳು ಬೇಗ ಬಿಸಿಯಾಗುತ್ತವೆ. ಪರದೆ ಸಾಲದು, ಕಿಟಕಿಗೆ ಹೊರಗಿನಿಂದಲೇ ನೆರಳು ಬೇಕು.

ಹಳತಾದ ಮಾಡ್ಯೂಲನ್ನು ಕಳಚಿ ಹೊಸದನ್ನು ಕೂರಿಸಬಹುದೆಂಬ ಭರವಸೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಟೋಕಿಯೋದಲ್ಲಿ 1972ರಲ್ಲಿ ಪೂರ್ಣಗೊಂಡ ನಕಾಗಿನ್ ಕ್ಯಾಪ್ಸೂಲ್ ಗೋಪುರದ 140 ಕೋಶಗಳನ್ನು ಸುಮಾರು 25 ವರ್ಷಕ್ಕೊಮ್ಮೆ ಬದಲಾಯಿಸಬೇಕೆಂಬುದು ವಾಸ್ತುಶಿಲ್ಪಿ ಕಿಶೋ ಕುರೊಕಾವಾ ಅವರ ಕಲ್ಪನೆಯಾಗಿತ್ತು. ಹಾಗೆ ಬದಲಾಯಿಸುವುದು ಆಗಲೇ ಇಲ್ಲ, 2022ರಲ್ಲಿ ಇಡೀ ಕಟ್ಟಡವನ್ನೇ ಕಳಚಲಾಯಿತು. ಗೋಡೆ ಒಡೆಯದೆ ಪೈಪು ಮತ್ತು ತಂತಿಗಳನ್ನು ಬದಲಾಯಿಸಲು ಬರುತ್ತದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ನಮ್ಮಲ್ಲಿ ಬರುತ್ತದೆ.

ತೋಟದ ಮಾತು ಬೇರೆ. ಕ್ರೇನೂ ಲಾರಿಗಳೂ ಓಡಾಡಿದ ನೆಲದಲ್ಲಿ ಗೇಣುದ್ದ ಅಗೆಯುವಷ್ಟರಲ್ಲಿ ಗುದ್ದಲಿಗೆ ಕಲ್ಲಿನಂಥ ಪದರ ಸಿಗುತ್ತಿತ್ತು. ಮಳೆ ಬಂದರೆ ನೀರು ಇಂಗದೆ ನಿಲ್ಲುತ್ತಿತ್ತು. ಆಳಕ್ಕೆ ಬೇರು ಬಿಡುವ ದ್ವಿದಳ ಬೆಳೆಗಳನ್ನು ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೇ ಸೇರಿಸುತ್ತಾ ಬಂದ ಮೇಲಷ್ಟೇ ಪರಿಸ್ಥಿತಿ ಸುಧಾರಿಸಿತು. ನಿರ್ಮಾಣಕ್ಕೆ ಮುಂಚೆ ಮೇಲ್ಮಣ್ಣನ್ನು ತೆಗೆದು ಒಂದು ಕಡೆ ರಾಶಿ ಹಾಕಿಸಿದ್ದರೆ ಈ ಶ್ರಮದಲ್ಲಿ ಬಹುಪಾಲು ಉಳಿಯುತ್ತಿತ್ತು. ಕಾಂಪೋಸ್ಟಿಗೆ ಇಂಗಾಲ ಮತ್ತು ಸಾರಜನಕ ಸುಮಾರು 30:1ರ ಪ್ರಮಾಣದಲ್ಲಿರಬೇಕು. ಸಾರಜನಕ ಹೆಚ್ಚಿರುವ ಅಡುಗೆಮನೆಯ ಹಸಿ ಕಸವನ್ನು ತಂದು ಸುರಿಯಲು ಎಲ್ಲರೂ ಮುಂದು, ಇಂಗಾಲ ಹೆಚ್ಚಿರುವ ಒಣ ಎಲೆ ಗುಡಿಸಿ ತರಲು ಯಾರೂ ಇಲ್ಲ, ಹೀಗಾಗಿ ಗುಂಡಿ ನಾರುತ್ತಿತ್ತು.

ನಿಜವಾದ ಪರೀಕ್ಷೆ ನಡೆದದ್ದು ನೀರಿನಲ್ಲಿ. ಸ್ನಾನದ ಹಾಗೂ ಬಟ್ಟೆ ಒಗೆದ ನೀರನ್ನು ಸೋಸಿ ಮಡಿಗಳಿಗೆ ಹರಿಸುವ ವ್ಯವಸ್ಥೆ ಇಲ್ಲಿದೆ. ಒಗೆಯುವ ಪುಡಿಯಲ್ಲಿ ಸೋಡಿಯಂ ಹೆಚ್ಚಿದ್ದರೆ ಜೇಡಿಮಣ್ಣಿನ ಕಣಗಳು ಚದುರಿ, ಮೇಲ್ಪದರ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ಒಂದು ಮನೆಯವರು ಬಳಸುವ ಪುಡಿ ಹೀಗೆ ಎಲ್ಲರ ಮಡಿಯನ್ನೂ ಕೆಡಿಸುವುದರಿಂದ, ಯಾವ ಪುಡಿ ಬಳಸಬೇಕೆಂಬ ಖಾಸಗಿ ವಿಷಯವೂ ನಿವಾಸಿಗಳ ಸಂಘದ ಸಭೆಯ ಚರ್ಚೆಗೆ ಬಂತು. ಇಂಥ ಚರ್ಚೆಗೆ ಒಗ್ಗದವರು ಈ ಬಗೆಯ ಮನೆ ಕೊಳ್ಳದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಈ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡದೆ ಬುಡಕ್ಕಷ್ಟೇ ಬಿಡುತ್ತೇವೆ; ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗಳಿಗೆ ಮಳೆನೀರು ಮಾತ್ರ.

ಬೆಳೆದದ್ದನ್ನು ದುಡಿಮೆಯ ಗಂಟೆಗಳ ಲೆಕ್ಕದಲ್ಲಿ ಹಂಚುವ ಪದ್ಧತಿಯಿಂದ ವಯಸ್ಸಾದವರಿಗೆ ಅನ್ಯಾಯವಾಗುತ್ತಿದ್ದುದರಿಂದ, ಬೀಜ ಕಾಯ್ದಿಡುವುದು, ಸಸಿ ಎಬ್ಬಿಸುವುದು, ಲೆಕ್ಕ ಬರೆಯುವುದು ಇವನ್ನೂ ಈಗ ದುಡಿಮೆಯೆಂದೇ ಪರಿಗಣಿಸಲಾಗುತ್ತಿದೆ. ಮನೆ ಮಾರಿದಾಗ ಆ ಮನೆಯ ಪಾಲಿನ ಮಡಿ ಹೊಸಬರಿಗೆ ಹೋಗಬೇಕೇ, ಸಂಘಕ್ಕೆ ಮರಳಬೇಕೇ ಎಂಬುದರ ಬಗ್ಗೆ ಕ್ರಯಪತ್ರದಲ್ಲಿ ಒಂದು ಸಾಲೂ ಇಲ್ಲ. ಕೊಳ್ಳುವವರು ಸಹಿ ಹಾಕುವ ಮುಂಚೆಯೇ ಅದನ್ನು ಬರೆಸಿಕೊಳ್ಳಬೇಕು.