ಸಣ್ಣ ಪಿಆರ್ ಏಜೆನ್ಸಿಗೆ ಯಾವ ಸಂಘ ಹೊಂದುತ್ತದೆ? ಚೇಂಬರ್, ಪಿಆರ್‌ಎಸ್‌ಐ ಮತ್ತೆ ಉಳಿದವು

ಬೆಂಗಳೂರಿನಲ್ಲಿ ಸಣ್ಣದೊಂದು ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿ ನಡೆಸುತ್ತೇನೆ. ಪ್ರೆಸ್ ನೋಟ್ ಬರೆಯುವುದು, ಕಂಪನಿಗಳ ಆಂತರಿಕ ಪತ್ರಿಕೆ ಮಾಡಿಕೊಡುವುದು, ಏನಾದರೂ ಎಡವಟ್ಟಾದಾಗ ಪತ್ರಕರ್ತರ ಮುಂದೆ ಏನು ಹೇಳಬೇಕು ಅಂತ ಸಲಹೆ ಕೊಡುವುದು ನಮ್ಮ ಕೆಲಸ. ಅದಕ್ಕೆ ಮೊದಲು ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದೆ. ಹೀಗಾಗಿ ಪತ್ರಕರ್ತರ ಸಂಘ, ಪಿಆರ್‌ನವರ ಸಂಘ, ವ್ಯಾಪಾರಸ್ಥರ ಚೇಂಬರ್ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಒಳಗಿನಿಂದ ನೋಡಿದ್ದೇನೆ. ಹೊಸದಾಗಿ ಏಜೆನ್ಸಿ ತೆರೆದವರು "ಯಾವುದಕ್ಕೆ ಸೇರೋದು ಸರ್?" ಅಂತ ಕೇಳುತ್ತಾರೆ. ಒಂದೇ ಸಂಘಕ್ಕೆ ಆಗುವಷ್ಟು ದುಡ್ಡಿದ್ದರೆ ಚೇಂಬರ್‌ಗೆ ಸೇರಿ ಅಂತೀನಿ. ಪಿಆರ್‌ನವನಾಗಿ ನೀನೇ ಹೀಗಂದರೆ ಹೇಗೆ ಅಂತ ಕೆಲವರು ಬೇಜಾರೂ ಆಗಿದ್ದಾರೆ.

ಕಾರಣ ಇಷ್ಟೇ. ನಮ್ಮ ಕಸುಬಿನ ಸಂಘದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವವರೂ ಪಿಆರ್‌ನವರೇ. ಅಲ್ಲಿ ಕೆಲಸ ಕಲಿಯಬಹುದು, ಗಿರಾಕಿ ಸಿಗುವುದು ಅಪರೂಪ. ಚೇಂಬರ್‌ನಲ್ಲಿ ಪಕ್ಕದವರು ಕಾಫಿ ರಫ್ತು ಮಾಡುವವರು, ಪೀಣ್ಯದಲ್ಲಿ ಶೆಡ್ ಇಟ್ಟವರು, ಲಾರಿ ಓಡಿಸುವ ಕಂಪನಿಯವರು. ಆ ಕೋಣೆಯಲ್ಲಿ ಪ್ರೆಸ್ ನೋಟ್ ಬರೆಯಲು ಬರುವವರು ನೀವೊಬ್ಬರೇ.

ನಾನು ಸೇರಿದ್ದು ಎಫ್‌ಕೆಸಿಸಿಐಗೆ, ಅಂದರೆ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳ ಒಕ್ಕೂಟಕ್ಕೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ಚೇಂಬರ್ ಆಫ್ ಕಾಮರ್ಸ್ ಅಂತ ಶುರುವಾದ ಸಂಸ್ಥೆ ಅದು. ಈಗ ಕೆಂಪೇಗೌಡ ರಸ್ತೆಯಲ್ಲಿದೆ. ಜಿಲ್ಲಾ ಚೇಂಬರ್‌ಗಳು, ಬೇರೆ ಬೇರೆ ವ್ಯಾಪಾರದ ಸಂಘಗಳು ಕೂಡ ಅದರ ಸದಸ್ಯರು. ರಫ್ತುದಾರರಿಗೆ ಸರಕು ಯಾವ ದೇಶದ್ದು ಅಂತ ಹೇಳುವ ಸರ್ಟಿಫಿಕೇಟ್ ಆಫ್ ಒರಿಜಿನ್ ಕೊಡುವುದು, ಬಜೆಟ್‌ಗೆ ಮೊದಲು ಸರ್ಕಾರಕ್ಕೆ ಮನವಿ ಕೊಡುವುದು, ಕರೆಂಟ್ ದರ ಏರಿಸುವ ಪ್ರಸ್ತಾವ ಬಂದರೆ ದರ ನಿಗದಿ ಮಾಡುವ ರಾಜ್ಯದ ಆಯೋಗ ಕೆಇಆರ್‌ಸಿ ಮುಂದೆ ಆಕ್ಷೇಪ ಹಾಕುವುದು ಅಲ್ಲಿನ ದಿನನಿತ್ಯದ ಕೆಲಸ. ಇದರಲ್ಲಿ ನಮ್ಮಂಥವರಿಗೆ ನೇರವಾಗಿ ಬೇಕಾದದ್ದು ಯಾವುದೂ ಇಲ್ಲ, ಅಲ್ವಾ? ಆದರೆ ಇಲ್ಲಿನ ಪ್ರತಿಯೊಂದು ಕೆಲಸಕ್ಕೂ ಬರವಣಿಗೆ ಬೇಕು. ಯೂನಿಟ್‌ಗೆ ಇಷ್ಟು ಪೈಸೆ ಜಾಸ್ತಿಯಾದರೆ ಒಂದು ಸಣ್ಣ ಕಾರ್ಖಾನೆಗೆ ತಿಂಗಳಿಗೆ ಎಷ್ಟು ಹೊರೆ ಅನ್ನುವುದನ್ನು ಪತ್ರಿಕೆಯವರಿಗೆ ನಾಲ್ಕು ಸಾಲಿನಲ್ಲಿ ಹೇಳಿಕೊಡುವವರು ಬೇಕು. ನಾನು ಸುಮ್ನೆ ಒಂದು ಕರಡನ್ನು ಸರಳ ಕನ್ನಡದಲ್ಲಿ ಬರೆದುಕೊಟ್ಟೆ. ಅದನ್ನು ಓದಿದ ಒಬ್ಬ ಉದ್ಯಮಿ ತಮ್ಮ ಕಂಪನಿಯ ಕನ್ನಡ ಬರಹವೆಲ್ಲ ನಮಗೇ ಒಪ್ಪಿಸಿದರು. ಬರೀ ಚಂದಾ ಕಟ್ಟಿ ಮನೆಯಲ್ಲಿ ಕೂತಿದ್ದರೆ ಇದು ಆಗುತ್ತಿರಲಿಲ್ಲ. ಜಿಎಸ್‌ಟಿ, ಇಂಧನ, ಕಾರ್ಮಿಕ ಅಂತ ವಿಷಯಕ್ಕೊಂದು ಸಮಿತಿ ಇರುತ್ತದೆ. ಅಂಥ ಒಂದರಲ್ಲಿ ಕೂತು ಕೆಲಸ ಮಾಡದೆ ಚೇಂಬರ್‌ನಿಂದ ಏನೂ ಸಿಗುವುದಿಲ್ಲ.

ನಿಮ್ಮ ಗಿರಾಕಿಗಳೆಲ್ಲ ಸಣ್ಣ ಕಾರ್ಖಾನೆಯವರೇ ಆದರೆ ವಿಜಯನಗರದ ಕಾಸಿಯಾ (ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ) ಇನ್ನೂ ಹತ್ತಿರ. 1949ರ ಸಂಘ. ಸಭೆಗಳಲ್ಲಿ ಕನ್ನಡ ಜಾಸ್ತಿ, ಮಾತು ನೇರ. ದೊಡ್ಡ ಕಂಪನಿಗಳ ಅಧಿಕಾರಿಗಳ ಪರಿಚಯ ಬೇಕು ಅನ್ನುವವರು ಬಿಸಿಐಸಿ, ಅಂದರೆ ಬೆಂಗಳೂರು ಚೇಂಬರ್ ಆಫ್ ಇಂಡಸ್ಟ್ರಿ ಅಂಡ್ ಕಾಮರ್ಸ್, ನೋಡಬಹುದು. ಅಲ್ಲಿಗೆ ನಾನು ಅತಿಥಿಯಾಗಿ ಹೋಗಿದ್ದು ಬಿಟ್ಟರೆ ಸದಸ್ಯನಾಗಿಲ್ಲ, ಅದಕ್ಕೇ ಅದರ ಮಾತು ಇಷ್ಟಕ್ಕೆ ಸಾಕು.

ಈಗ ಪಿಆರ್‌ಎಸ್‌ಐ. ಪೂರ್ತಿ ಹೆಸರು ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಫ್ ಇಂಡಿಯಾ, ಹುಟ್ಟಿದ್ದು 1958ರಲ್ಲಿ. 1968ರ ಏಪ್ರಿಲ್ 21ರಂದು ದೆಹಲಿಯಲ್ಲಿ ನಡೆದ ಮೊದಲ ಅಖಿಲ ಭಾರತ ಸಮ್ಮೇಳನದಲ್ಲಿ ಕಸುಬಿಗೊಂದು ನೀತಿಸಂಹಿತೆ ಒಪ್ಪಿಕೊಂಡರು. ಅದಕ್ಕೇ ಏಪ್ರಿಲ್ 21 ನಮಗೆ ರಾಷ್ಟ್ರೀಯ ಪಿಆರ್ ದಿನ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಇರುವ ಊರು ಇದು. ಹಾಗಾಗಿ ಬೆಂಗಳೂರು ಶಾಖೆಯಲ್ಲಿ ನನಗೆ ಸಿಕ್ಕ ಹಿರಿಯರಲ್ಲಿ ಸಾರ್ವಜನಿಕ ಉದ್ದಿಮೆಗಳಲ್ಲಿ ಪಿಆರ್‌ಒ ಆಗಿದ್ದವರೇ ಹೆಚ್ಚು. ಮುಷ್ಕರ, ಅಪಘಾತ, ಸಂಸತ್ತಿನಲ್ಲಿ ಪ್ರಶ್ನೆ ಎಲ್ಲ ಕಂಡವರು. ಒಂದು ರಾತ್ರಿ ನಮ್ಮ ಗಿರಾಕಿಯ ಗೋದಾಮಿಗೆ ಬೆಂಕಿ ಬಿತ್ತು. ಟಿವಿ ಕ್ಯಾಮೆರಾಗಳು ಗೇಟಿನ ಮುಂದೆ ಬಂದುಬಿಟ್ಟಿದ್ದವು. ಅಂಥ ಒಬ್ಬ ಹಿರಿಯರಿಗೆ ಫೋನ್ ಮಾಡಿದೆ. ಮೊದಲು ಒಳಗಿದ್ದ ಜನರ ವಿಷಯ ಹೇಳಿ, ಕಾರಣ ಗೊತ್ತಾಗುವವರೆಗೆ ಕಾರಣದ ಮಾತೆತ್ತಬೇಡಿ, ಮುಂದಿನ ಹೇಳಿಕೆ ಎಷ್ಟು ಗಂಟೆಗೆ ಅಂತ ಈಗಲೇ ತಿಳಿಸಿಬಿಡಿ ಅಂದರು. ಚೇಂಬರ್‌ನಲ್ಲಿ ಆ ಹೊತ್ತಿಗೆ ಹೀಗೆ ಹೇಳಿಕೊಡುವವರು ನನಗೆ ಯಾರೂ ಗೊತ್ತಿರಲಿಲ್ಲ. ಈ ಒಂದು ಫೋನಿಗಾಗಿಯೇ ಪಿಆರ್‌ಎಸ್‌ಐ ಚಂದಾ ಕಟ್ಟಬಹುದು.

ಇನ್ನೊಂದು ವ್ಯತ್ಯಾಸ ಸೇರುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಚೇಂಬರ್ ಸದಸ್ಯತ್ವ ಕಂಪನಿಯ ಹೆಸರಿನಲ್ಲಿ ಇರುತ್ತದೆ, ನೀವು ಅದರ ಪ್ರತಿನಿಧಿ. ಪಿಆರ್‌ಎಸ್‌ಐ ಸದಸ್ಯತ್ವ ವ್ಯಕ್ತಿಯದು. ಏಜೆನ್ಸಿ ಖರ್ಚಿನಲ್ಲಿ ಹುಡುಗರನ್ನು ಸೇರಿಸಿದರೆ, ಅವರು ಕೆಲಸ ಬಿಟ್ಟ ದಿನ ಸದಸ್ಯತ್ವವೂ ಅವರ ಜತೆ ಹೋಗುತ್ತದೆ. ಅದು ತಪ್ಪಲ್ಲ, ಕಸುಬಿನ ಸಂಘ ಇರಬೇಕಾದದ್ದೇ ಹಾಗೆ. ಆದರೆ ಲೆಕ್ಕ ಬರೆಯುವಾಗ ಎರಡನ್ನೂ ಒಂದೇ ಖಾತೆಗೆ ಹಾಕಬೇಡಿ.

ಎರಡನ್ನೂ ತೂಗಿ ನೋಡಲು ನನ್ನ ಪರೀಕ್ಷೆ ಒಂದೇ: ಬಾಕಿ ವಸೂಲಿ. ಸಣ್ಣ ಏಜೆನ್ಸಿಯನ್ನು ಕೊಲ್ಲುವುದು ಗಿರಾಕಿ ಇಲ್ಲದಿರುವುದಲ್ಲ, ಗಿರಾಕಿ ದುಡ್ಡು ಕೊಡದಿರುವುದು. ಪಿಆರ್‌ನವರು ಸೇರಿದಲ್ಲೆಲ್ಲ ಈ ಮಾತು ಬರುತ್ತದೆ. ಎಲ್ಲರೂ ತಂತಮ್ಮ ಕಥೆ ಹೇಳಿಕೊಳ್ಳುತ್ತೇವೆ, ಕಾಫಿ ಕುಡಿದು ಮನೆಗೆ ಬರುತ್ತೇವೆ. ಚೇಂಬರ್ ಕಡೆಯ ಒಂದು ಮಾಹಿತಿ ಸಭೆಯಲ್ಲಿ ಮಾತ್ರ ನನಗೆ ಕೈಗೊಂದು ಆಯುಧ ಸಿಕ್ಕಿತು. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ನಮ್ಮಂಥ ಸೇವಾ ಸಂಸ್ಥೆಗೂ ಅನ್ವಯಿಸುತ್ತದೆ. ಅದರಡಿ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ಉಚಿತ. ನಾವು ಮಾಡಿಕೊಟ್ಟ ಕೆಲಸವನ್ನು ಒಪ್ಪಿಕೊಂಡ ಮೇಲೆ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಗಿರಾಕಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಇದಕ್ಕೆ ಜತೆಯಾಗಿ 2023ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾನೂನಿಗೆ ಒಂದು ತಿದ್ದುಪಡಿ ತಂದರು. ಅದರ ಪ್ರಕಾರ, ಅವಧಿ ಮೀರಿ ಬಾಕಿ ಉಳಿಸಿಕೊಂಡ ಕಂಪನಿ ಆ ಮೊತ್ತವನ್ನು ನಿಜವಾಗಿ ಕೊಟ್ಟ ವರ್ಷದಲ್ಲೇ ಖರ್ಚಿಗೆ ಹಾಕಬೇಕು. ಅದಕ್ಕೆ ಮೊದಲು ಆಗದು. ಬಡ್ಡಿಗೆ ಹೆದರದ ಅಕೌಂಟ್ಸ್ ವಿಭಾಗ ಇದಕ್ಕೆ ಹೆದರುತ್ತದೆ! ಈಗ ನಮ್ಮ ಎಲ್ಲ ಬಿಲ್‌ಗಳ ಮೇಲೂ ಉದ್ಯಮ್ ನಂಬರ್ ಇದೆ. ಮಾರ್ಚ್ ಬಂದರೆ ಗಿರಾಕಿಗಳ ಕಡೆಯಿಂದಲೇ ಬಾಕಿ ಎಷ್ಟು ಅಂತ ಫೋನ್ ಬರುತ್ತದೆ.

ಬೆಂಗಳೂರಿನಲ್ಲೇ ಹುಟ್ಟಿದ ಪಿಆರ್‌ಸಿಐ (ಪಬ್ಲಿಕ್ ರಿಲೇಷನ್ಸ್ ಕೌನ್ಸಿಲ್ ಆಫ್ ಇಂಡಿಯಾ) ಪಿಆರ್‌ನವರ ಇನ್ನೊಂದು ಸಂಘ. 2004ರ ಸಂಸ್ಥೆ, ಪಿಆರ್‌ಎಸ್‌ಐಗಿಂತ ಕಿರಿಯ, ಗಲಾಟೆ ಸ್ವಲ್ಪ ಜಾಸ್ತಿ. ಕಾಲೇಜು ಹುಡುಗರಿಗೆ ಯಂಗ್ ಕಮ್ಯುನಿಕೇಟರ್ಸ್ ಕ್ಲಬ್ ಇದೆ. ಟ್ರೈನಿಗಳನ್ನು ಹುಡುಕುವವರಿಗೆ ಇದು ಒಳ್ಳೆ ಜಾಗ. 2001ರಲ್ಲಿ ಶುರುವಾದ ಪಿಆರ್‌ಸಿಎಐ (ಪಬ್ಲಿಕ್ ರಿಲೇಷನ್ಸ್ ಕನ್ಸಲ್ಟೆಂಟ್ಸ್ ಅಸೋಸಿಯೇಷನ್ ಆಫ್ ಇಂಡಿಯಾ) ಮುಖ್ಯವಾಗಿ ಏಜೆನ್ಸಿಗಳ ಸಂಘ.  ಅಲ್ಲಿನ ಮಾತುಕತೆ ದೇಶಮಟ್ಟದ ಏಜೆನ್ಸಿಗಳ ಅಳತೆಯದು.

ಕಡಲಾಚೆಯ ಐಎಬಿಸಿ ಕೂಡ ನೋಡಿದೆ. 1970ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಸಿನೆಸ್ ಕಮ್ಯುನಿಕೇಟರ್‌ಗಳ ಸಂಘ. ಚಂದಾ ಡಾಲರ್‌ನಲ್ಲಿ, ವೆಬಿನಾರ್‌ಗಳು ನಮ್ಮ ಮಧ್ಯರಾತ್ರಿಗೆ. ಆದರೂ ಅವರ ಗೋಲ್ಡ್ ಕ್ವಿಲ್ ಪ್ರಶಸ್ತಿಯ ಅರ್ಜಿ ನಮೂನೆಯನ್ನು ನಾನು ಇವತ್ತಿಗೂ ಬಳಸುತ್ತೇನೆ. ಕಂಪನಿಗೆ ಏನು ಬೇಕಿತ್ತು, ಯಾರಿಗೆ ಹೇಳಬೇಕಿತ್ತು, ಗುರಿ ಏನು, ಏನು ಮಾಡಿದಿರಿ, ಎಷ್ಟು ಫಲ ಸಿಕ್ಕಿತು ಅಂತ ಬರೆಯಬೇಕು. ಪೇಪರ್ ಕಟಿಂಗ್‌ಗಳ ಕಟ್ಟು ತೋರಿಸಿದರೆ ನಡೆಯುವುದಿಲ್ಲ. ಬಹುಮಾನ ಬರಲಿ ಬಿಡಲಿ, ತೀರ್ಪುಗಾರರ ಅಂಕ ಮತ್ತು ಟೀಕೆ ಕೈಗೆ ಬರುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಇದಕ್ಕೆ ಪೂರಾ ಉಲ್ಟಾ ಇರುವ ಒಂದು ಕೂಟವೂ ನನಗೆ ಗಂಟು ಬಿದ್ದಿತ್ತು. ಹೆಸರು ಬೇಡ. ಅರ್ಜಿ ಹಾಕುವ ಮೊದಲೇ "ನೀವು ಆಯ್ಕೆಯಾಗಿದ್ದೀರಿ" ಅಂತ ಮೇಲ್ ಬಂತು. ಆಮೇಲೆ ಊಟದ ಟೇಬಲ್‌ಗೆ ಇಷ್ಟು, ವೇದಿಕೆಯ ಫೋಟೋಗೆ ಇಷ್ಟು, ಫಲಕಕ್ಕೆ ಇಷ್ಟು ಅಂತ ಪಟ್ಟಿ. ಪ್ರವೇಶ ಶುಲ್ಕ ಎಲ್ಲ ಕಡೆಯೂ ಇರುತ್ತದೆ, ಅದು ಬೇರೆ ಮಾತು. ಗೆದ್ದ ಮೇಲೆ ದುಡ್ಡು ಕೇಳಿದರೆ ಅದು ಪ್ರಶಸ್ತಿಯಲ್ಲ, ಖರೀದಿ.

ಪತ್ರಕರ್ತರ ಸಂಘವನ್ನು ಇವುಗಳ ಪಕ್ಕದಲ್ಲಿಟ್ಟು ಹೋಲಿಸುವುದೇ ಸರಿಯಲ್ಲ. ಡಿ.ವಿ.ಜಿ. ಕಟ್ಟಿದ ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ ಸಂಬಳ, ಚಿಕಿತ್ಸೆಯ ನೆರವು, ಹಳ್ಳಿ ವರದಿಗಾರರ ಬಸ್ ಪಾಸ್ ಅಂತ ಹೋರಾಡುವ ಸಂಘ. ವರದಿಗಾರನಾಗಿದ್ದಾಗ ಅದರ ಬೆಲೆ ಗೊತ್ತಾಗಿತ್ತು. ಏಜೆನ್ಸಿ ಶುರು ಮಾಡಿದ ಮೇಲೆ ಅಲ್ಲಿ ನನಗೆ ಜಾಗವಿಲ್ಲ, ಇರಲೂಬಾರದು. ಹಳೆ ಐಡಿ ಕಾರ್ಡ್ ಜೇಬಿನಲ್ಲಿಟ್ಟುಕೊಂಡು ಗಿರಾಕಿಗಳ ಕೆಲಸಕ್ಕೆ ಓಡಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪತ್ರಿಕಾಗೋಷ್ಠಿ ಮಾಡಬೇಕು ಅಂದರೆ ಕಬ್ಬನ್ ಪಾರ್ಕಿನ ಪ್ರೆಸ್ ಕ್ಲಬ್‌ನಲ್ಲಿ ಬಾಡಿಗೆ ಕಟ್ಟಿ ಮಾಡಿ, ಅದಕ್ಕೆ ಸದಸ್ಯರೇ ಆಗಬೇಕಿಲ್ಲ.

ಸೇರುವ ಮೊದಲು ಒಂದೆರಡು ಸಭೆಗೆ ಅತಿಥಿಯಾಗಿ ಹೋಗಿ ಬನ್ನಿ. ಸನ್ಮಾನ, ಶಾಲು, ಹಾರ ಮುಗಿದ ಮೇಲೆ ವಿಷಯ ಎಷ್ಟು ಹೊತ್ತು ನಡೆಯಿತು ನೋಡಿ. ನಿಮಗೆ ಮತದ ಹಕ್ಕು ಇರುವ ಸದಸ್ಯತ್ವ ಯಾವುದು ಅಂತ ಬೈಲಾ ಓದಿ. ಚುನಾವಣೆ ಹತ್ತಿರ ಬಂದಾಗ ಮಾತ್ರ ಪದಾಧಿಕಾರಿಗಳ ಫೋನ್ ಬರುವ ಸಂಘವಾದರೆ ಮುಂದಿನ ವರ್ಷ ಬಿಟ್ಟುಬಿಡಿ.

ಈ ವರ್ಷ ನಮ್ಮಲ್ಲಿ ಚೇಂಬರ್ ಏಜೆನ್ಸಿ ಹೆಸರಿನಲ್ಲಿ ಮುಂದುವರಿದಿದೆ. ಪಿಆರ್‌ಎಸ್‌ಐ ಚಂದಾ ನನ್ನ ಸ್ವಂತ ಜೇಬಿನಿಂದ. ಐಎಬಿಸಿ ಬಿಟ್ಟೆ, ಅರ್ಜಿ ನಮೂನೆ ಹೇಗೂ ಇದೆ. ಪಿಆರ್‌ಸಿಎಐ ಕಡೆಗೆ ತಲೆ ಹಾಕುವುದು ಆಫೀಸಿನಲ್ಲಿ ಇನ್ನೊಂದಿಷ್ಟು ಮಂದಿ ಆದಮೇಲೆ.